ಕರೆಯದೆ ಬಂದ ಮುಯ್ಯಿ

ಒಂದು ಬೆಳಿಗ್ಗೆ ನನ್ನ ಬಾವಿಯ ನೀರು ದಾಸವಾಳದ ಬಣ್ಣಕ್ಕೆ ತಿರುಗಿತ್ತು.

ಮೊದಲ ಕೊಡ ಸೇದಿ ಹಾಗೇ ನಿಂತೆ. ಇನ್ನೊಂದು ಸೇದಿ ನೋಡಿದೆ. ಅದೂ ಕೆಂಪು. ಮೆಟ್ಟೂರು ಅಣೆಕಟ್ಟು ಮುಗಿದ ವರ್ಷದ ಬೇಸಿಗೆ ಅದು. ಮಾರಂಡಹಳ್ಳಿ ಹತ್ತಿರದ ನಮ್ಮ ಹುಣಸೇಹಟ್ಟಿಯಲ್ಲಿ ಅರ್ಧ ಊರು ಆ ಬಾವಿಯ ನೀರನ್ನೇ ಕುಡಿಯುತ್ತಿತ್ತು.

ಬಾವಿ, ಅದರ ಪಕ್ಕದ ಹೊಲದ ತುಂಡು, ಎರಡೂ ನನ್ನ ತಾಯಿಗೆ ತವರಿಂದ ಬಂದವು, ತಾಯಿಯಿಂದ ನನಗೆ. ನಾನು ಹುಟ್ಟಿ ಬೆಳೆದದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ನಲ್ಲಂಪಳ್ಳಿಯ ಕಡೆ. ಅತ್ತೆಮನೆಯಲ್ಲಿ ಇನ್ನು ಜಾಗವಿಲ್ಲವೆಂದು ಗೊತ್ತಾದ ಮೇಲೆ, ಇಲ್ಲಿ ಮನೆ ಮಾಡಿಕೊಂಡಿದ್ದ ಅಣ್ಣ ಪುಟ್ಟಪ್ಪನ ಹತ್ತಿರ ಬಂದಿದ್ದೆ. ಬಂದು ಒಂದು ಚಳಿಗಾಲವಷ್ಟೇ ಕಳೆದಿತ್ತು. ವಿಧವೆ ಕಾಲಿಟ್ಟಳು, ಬಾವಿ ಕೆಟ್ಟಿತು ಎಂದು ಯಾರಾದರೂ ಅನ್ನುವ ಮೊದಲು ನಾನೇ ಯಾರನ್ನಾದರೂ ಬೈದುಬಿಡುವುದು ಒಳ್ಳೆಯದು ಎನಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ.

ಬೈಸಿಕೊಳ್ಳಲು ಒಬ್ಬ ಮನುಷ್ಯ ಅಲ್ಲೇ ಇದ್ದ. ಬಾವಿಕಟ್ಟೆಯ ಆ ಬದಿಯಲ್ಲಿ ನನಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಬಕೆಟ್ ತೊಳೆಯುತ್ತಿದ್ದ. ಬಣ್ಣ ಹೋದ ಖಾಕಿ ಅಂಗಿ, ಅಗಲವಾದ ಹೆಗಲು, ಕಿವಿಯ ಮೇಲೆ ಸ್ವಲ್ಪ ನರೆ. ಬೆರಳೆಲ್ಲ ನೇರಳೆ ಹಣ್ಣು ತಿಂದ ಹುಡುಗರ ಬಾಯಿಯ ಬಣ್ಣ.

"ಯಾರಯ್ಯಾ ನೀನು? ನನ್ನ ಬಾವಿಗೆ ಏನ್ ಸುರ್ದೆ?"

ಆ ಮನುಷ್ಯ ತಿರುಗಲಿಲ್ಲ.

"ನಿನ್ನೇ ಕೇಳ್ತಿರೋದು. ಬಾಯಿ ಇಲ್ವಾ?"

ತಿರುಗಲಿಲ್ಲ. ನನಗೆ ಮೊದಲೇ ತಾಳ್ಮೆ ಕಡಿಮೆ. ಕೊಡ ಎತ್ತಿ ಆ ಕೆಂಪು ನೀರನ್ನೆಲ್ಲ ಅವನ ಬೆನ್ನಿನ ಮೇಲೆ ಸುರಿದೆ.

ಆಗ ಎದ್ದು ನಿಂತ. ಕೋಪ ಮಾಡಿಕೊಳ್ಳಲಿಲ್ಲ. ಮುಖ ಒರೆಸಿಕೊಂಡು, ತಲೆಯನ್ನು ಸ್ವಲ್ಪ ವಾಲಿಸಿ ಹೇಳಿದ: "ಬಲಗಡೆಯಿಂದ ಮಾತಾಡಮ್ಮ. ಎಡಗಿವಿ ಬಸ್ರಾದಲ್ಲೇ ಉಳ್ಕೊಂಡ್ಬಿಟ್ಟೈತೆ."

ನಾನು ಬಲಗಡೆಗೆ ಬಂದು ಮೊದಲಿಂದ ಬೈದೆ. ಪೂರ್ತಿ ಕೇಳಿಸಿಕೊಂಡ.

"ಔಷಧಿ ಅದು," ಅಂದ. "ವಾಂತಿಭೇದಿ ಪಾಲಕ್ಕೋಡು ತನಕ ಬಂದೈತೆ. ಇವತ್ತು ಸೇದಬೇಡ. ನಾಳೆಗೆ ತಿಳಿಯಾಗ್ತದೆ."

"ಕೇಳಿ ಆಕ್ಬೇಕು ತಾನೆ?"

"ಕೇಳ್ದೆನಲ್ಲ. ನಿಮ್ಮಣ್ಣ ಆಗಲಿ ಅಂದ."

"ಬಾವಿ ನಮ್ಮಣ್ಣಂದಲ್ಲ. ನಂದು."

ಆಗ ನನ್ನನ್ನು ಸರಿಯಾಗಿ ನೋಡಿದ. ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ತಪ್ಪಾಯ್ತು," ಅಂದ. "ಇನ್ಮೇಲೆ ನಿನ್ನೇ ಕೇಳ್ತೀನಿ."

ಅತ್ತೆಮನೆಯಲ್ಲಿದ್ದಷ್ಟು ವರ್ಷ ನನಗೆ ಯಾರೂ ತಪ್ಪಾಯ್ತು ಎಂದಿರಲಿಲ್ಲ. ಖಾಲಿ ಕೊಡ ಹೊತ್ತು ಮನೆಗೆ ಬಂದೆ. ಆ ಅಂಗಿಯ ಬೆನ್ನಿನ ಮೇಲೆ ಕಂದು ಕಲೆ ನಿಂತಿತು. ಎಷ್ಟು ಒಗೆದರೂ ಹೋಗಲಿಲ್ಲ. ಒಗೆದವಳು ನಾನೇ ಆದ್ದರಿಂದ ಹೇಳುತ್ತಿದ್ದೇನೆ. ಆದರೆ ಆ ಮಾತಿಗೆ ಇನ್ನೂ ಸಮಯವಿದೆ.

ಆತ ಯಾರೆಂದು ಹೇಳಿದವಳು ಪಕ್ಕದ ಮನೆಯ ಪೆದ್ದಮ್ಮ. ಹೊಗೆಸೊಪ್ಪು ಬಾಯಿಗೆ ಬಿದ್ದರೆ ಆ ಮುದುಕಿಗೆ ಊರಿನ ಎಲ್ಲರ ಕಥೆಯೂ ನೆನಪಾಗುತ್ತಿತ್ತು.

"ದೊಡ್ಡಮುನಿಯಪ್ಪ ಕಣೇ. ಬಸ್ರಾ ಮುನಿಯಪ್ಪ ಅಂತೀವಿ. ದೊಡ್ಡ ಯುದ್ಧದಾಗೆ ಪಲ್ಟನ್ ಸೇರಿ ಅಡಗು ಅತ್ತಿ ಸಮುದ್ರ ದಾಟಿ ಓದ. ಬಾಂಬು ಬಿದ್ದು ಕಿವಿ ಓಯ್ತು. ತಿರುಗಿ ಬರೋದ್ರಾಗೆ ಅವ್ವ ಜ್ವರದಾಗೆ ಓಗ್ಬಿಟ್ಟಿದ್ಲು. ಗೊತ್ತು ಮಾಡಿದ್ದ ಎಣ್ಣನ್ನ ಬೇರೆ ಕಡೆ ಕೊಟ್ಬಿಟ್ಟಿದ್ರು. ಪಾವಂ. ಅಷ್ಟೇ, ಆಮೇಲೆ ಮದ್ವೆ ಮಾತೇ ಎತ್ತಲಿಲ್ಲ."

ಅಂದಿನಿಂದ ಅವರು ಎರಡು ಹೊಲ ಉಳುವ ಒಂಟಿ ರೈತ. ಉಳಿದ ಹೊತ್ತೆಲ್ಲ ಊರಿನದು. ಬಸ್ರಾದಲ್ಲಿ ಗುಂಡಿಗಿಂತ ಕೆಟ್ಟ ನೀರಿಗೆ ಸತ್ತವರೇ ಹೆಚ್ಚು ಎಂದು ಕಣ್ಣಾರೆ ಕಂಡವರು. ಸುತ್ತಲಿನ ಹಳ್ಳಿಗಳ ಬಾವಿಗೆಲ್ಲ ಔಷಧಿ ಹಾಕುವುದು ಅವರೇ. ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿ ಧರ್ಮಪುರಿ ಆಸ್ಪತ್ರೆಗೆ ಹೊಡೆಯುವುದು, ದಿಕ್ಕಿಲ್ಲದವರು ಸತ್ತರೆ ಚಟ್ಟಕ್ಕೆ ಹೆಗಲು ಕೊಡುವುದು, ಮಳೆಗೆ ಕೊಚ್ಚಿಹೋದ ಸ್ಟೇಷನ್ ದಾರಿಗೆ ಮಣ್ಣು ಹಾಕುವುದು, ಎಲ್ಲ ಅವರೇ. ಯಾರ ಮನೆಗೆ ಕಷ್ಟ ಬಂದರೂ ಅವರು ಬೇಕು. ಸಂಜೆ ಹೊತ್ತಿಗೆ ಬಾ ಎಂದು ಕರೆಯುವ ಮನೆ ಒಂದೂ ಇರಲಿಲ್ಲ.

ಊರಿನ ಹೆಂಗಸರೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದರು. ನಾನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲವೆಂದು ಆಗ ನನ್ನನ್ನು ನಾನೇ ಕೇಳಿಕೊಳ್ಳಲೂ ಇಲ್ಲ.

ಮಳೆ ಬಂತು, ರಾಗಿ ಬಿತ್ತನೆಯಾಯಿತು, ಕಳೆ ತೆಗೆಯುವ ಕಾಲ ಬಂತು. ನಮ್ಮ ಕಡೆ ಕೂಲಿ ಕೊಟ್ಟು ಹೊಲಕ್ಕೆ ಜನ ಕರೆಯುವ ತಾಕತ್ತು ಯಾರಿಗೂ ಇರಲಿಲ್ಲ. ಇದ್ದದ್ದು ಮುಯ್ಯಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಿನ್ನ ಹೊಲದ ದಿನ ನಾನು ಬರುತ್ತೇನೆ. ಹಿಂದಿನ ಸಂಜೆ ಮನೆಯವರು ಬಾಗಿಲಿಗೆ ಬಂದು "ನಾಳೆ ನಮ್ಮನೆ ಮುಯ್ಯಿ" ಎಂದು ಕರೆಯಬೇಕು. ಕರೆದ ಮನೆಯ ಹೆಂಗಸು ಮಧ್ಯಾಹ್ನ ಹೊಲಕ್ಕೆ ಮುದ್ದೆ ತಂದು ಎಲ್ಲರಿಗೂ ಇಕ್ಕಬೇಕು. ಅದು ಬಿಟ್ಟು ಬೇರೆ ಕಾನೂನಿಲ್ಲ.

ನನ್ನ ತುಂಡು ಹೊಲಕ್ಕೂ ಕರೆದೆ. ಬಸ್ರಾ ಮುನಿಯಪ್ಪನವರನ್ನೂ ಕರೆದೆ, ಬಲಗಡೆ ನಿಂತು. ಎಲ್ಲರಿಗಿಂತ ಮೊದಲು ಬಂದರು. ನನ್ನ ಪಕ್ಕದ ಸಾಲೇ ಅವರದಾಯಿತು. ಹಾಗಾಗುವಂತೆ ನಾನೇ ಎರಡು ಸಲ ಜಾಗ ಬದಲಿಸಿದ್ದೆ. ಅವರ ಬಲಗಿವಿ ನನ್ನ ಕಡೆ ಬರಬೇಕಿತ್ತಲ್ಲ.

"ಬಸ್ರಾದಲ್ಲಿ ಏನೈತೆ?" ಕೇಳಿದೆ.

"ಖರ್ಜೂರದ ಮರ. ಕೆಸರು. ನೊಣ."

"ಎಂಗಸ್ರು?"

"ಇದ್ದಿರ್ಬೇಕು. ಕಪ್ಪು ಬಟ್ಟೆ ಓಗೋದು ಕಾಣ್ತಿತ್ತು."

"ಅಷ್ಟೇನಾ ನೋಡಿದ್ದು?"

"ಅಷ್ಟೇ ತೋರ್ಸಿದ್ದು."

ನಗು ತಡೆಯಲಾಗದೆ ಕಳೆಯ ಜೊತೆಗೆ ಒಂದು ರಾಗಿ ಪೈರನ್ನೂ ಕಿತ್ತುಬಿಟ್ಟೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ನೆಟ್ಟು, ಹೆಬ್ಬೆರಳಿಂದ ಮಣ್ಣು ಒತ್ತಿದರು. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಗೊತ್ತೇ ಆಗದವರ ಹಾಗೆ ಮುಂದಕ್ಕೆ ಸರಿದೆವು. ನೆಟ್ಟ ಪೈರು ಬದುಕಿತು, ಆಮೇಲೆ ಹೋಗಿ ನೋಡಿದ್ದೆ.

ಆ ಮಳೆಗಾಲದಲ್ಲಿ ಅವರನ್ನು ನೋಡಲು ನನಗೆ ನೆಪಗಳು ಬೇಕಾದಷ್ಟು ಸಿಕ್ಕವು. ನೀರು ತಿಳಿಯಿದೆಯೇ ಎಂದು ಅವರು ಬಾವಿಗೆ ಬರುತ್ತಿದ್ದರು. ಔಷಧಿ ಹಾಕುವ ಮೊದಲು ಪ್ರತಿ ಸಲವೂ ಬಂದು, ಮಾತು ಕೊಟ್ಟಂತೆ, "ನಿನ್ನ ಬಾವಿಗೆ ಆಕ್ಲಾ?" ಎಂದು ಕೇಳುತ್ತಿದ್ದರು. ನಾನು ಯೋಚಿಸುವವಳ ಹಾಗೆ ಆಕಾಶ ನೋಡುತ್ತಿದ್ದೆ. ಅವರು ಬಕೆಟ್ ಹಿಡಿದು ಕಾಯುತ್ತಿದ್ದರು. ಒಂದು ಸಲ ಎಷ್ಟು ಹೊತ್ತು ಕಾಯಿಸಿದೆನೆಂದರೆ ಅವರೇ ನಕ್ಕುಬಿಟ್ಟರು. ನಕ್ಕರೆ ಆ ಮುಖ ಎಷ್ಟು ಚಿಕ್ಕ ವಯಸ್ಸಿನದಾಗುತ್ತಿತ್ತು ಎಂದು ಯಾರಿಗೂ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಯಾರೂ ನಗಿಸುತ್ತಿರಲಿಲ್ಲ.

ಕೊಯ್ಲು ಬಂತು. ಅವರು ಊರ ಯಜಮಾನ ನಂಜಪ್ಪನವರ ಹೊಲಕ್ಕೆ ಹೋದರು, ನಮ್ಮಣ್ಣನ ಹೊಲಕ್ಕೆ ಬಂದರು, ನನ್ನದಕ್ಕೆ ಬಂದರು, ಊರಿನ ಕೊನೆಯ ಮನೆಯವರೆಗೂ ಕುಡುಗೋಲು ಹಿಡಿದು ಹೋದರು. ಎಲ್ಲರದೂ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ತಮ್ಮ ಕೆಳಹೊಲದಲ್ಲಿ ಒಬ್ಬರೇ ಬಗ್ಗಿ ಕೊಯ್ಯುತ್ತಿರುವುದು ಕಂಡಿತು. ಮಧ್ಯಾಹ್ನ ಬದುವಿನ ಮೇಲೆ ಕೂತು, ಪಲ್ಟನ್ನಿನಿಂದ ತಂದ ಅಲ್ಯುಮಿನಿಯಂ ತಟ್ಟೆಯಲ್ಲಿ ಏನನ್ನೋ ಒಬ್ಬರೇ ತಿಂದರು. ಊರು ಆ ದಾರಿಯಲ್ಲೇ ಓಡಾಡುತ್ತಿತ್ತು. ಯಾರೂ ನಿಲ್ಲಲಿಲ್ಲ.

ಸಂಜೆ ಬಾವಿಯ ಹತ್ತಿರ ಹಿಡಿದು ಕೇಳಿದೆ. "ಊರಿಗೆಲ್ಲ ಮುಯ್ಯಿ ಓಗ್ತೀರಿ. ನಿಮ್ಮೊಲಕ್ಕೆ ಯಾಕೆ ಯಾರನ್ನೂ ಕರಿಯಲ್ಲ? ನಾವು ಕೊಯ್ದ್ರೆ ನಿಮ್ಮ ರಾಗಿ ಮೈಲಿಗೆ ಆಗ್ತದಾ?"

ಅವರು ಬಕೆಟ್ ಕೆಳಗಿಟ್ಟರು. "ಬಸ್ರಾದಿಂದ ಬಂದ ವರ್ಸ ಕರೆದಿದ್ದೆ. ಎಲ್ರೂ ಬಂದ್ರು. ಮುದ್ದೆ ಇಕ್ಕೋಕೆ ಮನೇಲಿ ಎಂಗಸಿಲ್ಲ. ನಾನೇ ತಿರುವಿ, ನಾನೇ ಇಕ್ಕಿದೆ."

"ಅದಕ್ಕೇನು?"

"ಗಂಡಸು ಇಕ್ಕೋದು ತಿಥಿ ಊಟಕ್ಕೆ ಮಾತ್ರ ಅಲ್ವಾ ಇಲ್ಲಿ. ಯಾರೂ ಏನೂ ಅನ್ನಲಿಲ್ಲ. ಆದ್ರೆ ಒಬ್ರ ತಟ್ಟೇಲೂ ಮುದ್ದೆ ಮುಗೀಲಿಲ್ಲ. ಅವತ್ತಿಂದ ಕರೀಲಿಲ್ಲ."

ಅಷ್ಟು ಹೇಳಿ ಬಕೆಟ್ ಎತ್ತಿಕೊಂಡು ಹೋದರು. ಆ ಕಲೆಯ ಬೆನ್ನು ಹೊಲದ ಬದುವಿನ ಆಚೆ ಮರೆಯಾಗುವವರೆಗೂ ನೋಡುತ್ತಾ ನಿಂತೆ. ಈ ಮನುಷ್ಯ ನನಗೆ ಬೇಕು ಎಂದು ಅಲ್ಲಿ, ಆ ಬಾವಿಕಟ್ಟೆಯ ಮೇಲೆ ಸ್ಪಷ್ಟವಾಗಿ ಗೊತ್ತಾಯಿತು. ನಮ್ಮ ಜನದಲ್ಲಿ ವಿಧವೆಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿ ಇತ್ತು, ಅದೇನು ಅಡ್ಡಿಯಲ್ಲ. ಅಡ್ಡಿ ಇದ್ದದ್ದು ಒಂದೇ: ಆ ಮನುಷ್ಯ ಬಾಯಿ ಬಿಟ್ಟು ಏನನ್ನೂ ಕೇಳುವವರಲ್ಲ, ಬಾವಿಯ ವಿಷಯ ಒಂದನ್ನು ಬಿಟ್ಟು.

ಸರಿ, ನಾನೇ ಹೇಳುತ್ತೇನೆ ಅಂದುಕೊಂಡೆ. ಬಾಯಿಂದ ಹೇಳಲು ನನಗೂ ನಾಚಿಕೆ. ಆದರೆ ನಮ್ಮ ನಲ್ಲಂಪಳ್ಳಿಯ ಕಡೆ ಹೇಳದೆ ಹೇಳುವ ಒಂದು ದಾರಿ ಇತ್ತು. ಕರೆಯಿಸಿಕೊಂಡು ಮುಯ್ಯಿಗೆ ಹೋಗುವವರು ಹೊರಗಿನವರು. ಕರೆಯದೆ ಕುಡುಗೋಲು ಹಿಡಿದು ಹೊಲಕ್ಕೆ ಇಳಿದರೆ, ನಾನು ನಿಮ್ಮ ಮನೆಯವಳು ಎಂದು ಅರ್ಥ. ನನ್ನ ಅಜ್ಜಿ ನನ್ನ ಅಜ್ಜನ ಹೊಲಕ್ಕೆ ಹಾಗೇ ಇಳಿದಿದ್ದಳಂತೆ.

ಮರುದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಅವರ ಕೆಳಹೊಲಕ್ಕೆ ಹೋದೆ. ಏನೂ ಮಾತಾಡದೆ ಅವರ ಪಕ್ಕದ ಸಾಲು ಹಿಡಿದು ಕೊಯ್ಯಲು ಶುರುಮಾಡಿದೆ.

ಅವರು ನನ್ನನ್ನು ನೋಡಿದರು. ನಾನು ನಕ್ಕೆ. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

"ನಾನು ಕರೀಲಿಲ್ಲವಲ್ಲ, ಪೊನ್ನಮ್ಮ," ಅಂದರು.

"ಗೊತ್ತು. ಕರೀದೇನೇ ಬಂದಿದೀನಿ."

ಅವರು ಮತ್ತೆ ಬಗ್ಗಿ ಕೊಯ್ಯತೊಡಗಿದರು. ಇಡೀ ದಿನ ಇಬ್ಬರೂ ಕೊಯ್ದೆವು. ನಾನು ಬಲಗಡೆಯಿಂದ ಏನಾದರೂ ಅಂದರೆ ಹೂಂ ಅನ್ನುತ್ತಿದ್ದರು, ಅಷ್ಟೇ. ನಾಚಿಕೆ ಇರಬೇಕು ಎಂದುಕೊಂಡೆ. ಸಂಜೆ ಕೊನೆಯ ಹಿಡಿ ಕಟ್ಟಿದ ಮೇಲೆ ಅವರು ಕೈ ಮುಗಿದರು. ನನಗೆ, ಯಾರೋ ಆಫೀಸರಿಗೆ ಮುಗಿದ ಹಾಗೆ.

"ಮುಯ್ಯಿ ಮುಗೀತು," ಅಂದರು. "ನಿಂಗೂ ನಂಗೂ ಬಾಕಿ ಏನಿಲ್ಲ. ಚೆನ್ನಾಗಿರು."

ಕುಡುಗೋಲು ನನ್ನ ಕೈಯಲ್ಲೇ ಇತ್ತು. ಆ ಮನುಷ್ಯನ ಕಾಲಿನ ಮೇಲೆ ಹಾಕಬೇಕು ಅನಿಸಿತು. ಅಳು ಬರುವ ಮೊದಲು ಅಲ್ಲಿಂದ ಹೊರಟೆ. ನಾನು ನನ್ನನ್ನೇ ಕೊಟ್ಟುಕೊಳ್ಳಲು ಹೋದರೆ ಬಾಕಿ ಏನಿಲ್ಲವಂತೆ. ಅಷ್ಟು ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ ಬೇರೆ.

ಆಮೇಲೆ ಅವರು ಬಾವಿಯ ಕಡೆ ಬರಲಿಲ್ಲ. ನಾನು ದಿನಾ ಬೇಗನೆ ಹೋಗಿ ತಡವಾಗಿ ಬರುತ್ತಿದ್ದೆ. ಕೊಡ ತುಂಬಿದ ಮೇಲೂ ಹಗ್ಗ ಹಿಡಿದು ನಿಂತಿರುತ್ತಿದ್ದೆ. ಅವರು ಊರಿನ ಆ ತುದಿಯಲ್ಲಿದ್ದರು, ಕರೆದರೆ ಕೇಳಿಸುವಷ್ಟು ದೂರದಲ್ಲಿ. ಒಂದು ಕಿವಿ ಇದ್ದವರಿಗೂ ಕೇಳಿಸುತ್ತಿತ್ತು. ನಾನು ಕರೆಯಲಿಲ್ಲ.

ಅದೇ ವಾರ ಅಣ್ಣ ಪುಟ್ಟಪ್ಪ ಏರ್ಕಾಡು ಬೆಟ್ಟದ ಮಾತು ಎತ್ತಿದ. ಕಾಫಿ ಎಸ್ಟೇಟಿನ ಮೇಸ್ತ್ರಿ ಒಬ್ಬ ಕೊಯ್ಲಿಗೂ ಮುಂಚಿನಿಂದ ಊರಲ್ಲಿ ಓಡಾಡುತ್ತಿದ್ದ.

"ಮೇಲೆ ಕಾಪಿ ಅಣ್ಣಾಗಿ ಕೊಯ್ಲಿಗೆ ಬಂದೈತೆ. ಕೈಗೆ ಕೆಲಸ, ಇರೋಕೆ ಲೈನ್ ಮನೆ. ಸೇಲಂ ತನಕ ರೈಲು, ಆಮೇಲೆ ಘಾಟ್ ಬಸ್ಸು. ನಿನ್ನ ತುಂಡೊಲ ನಂಜಪ್ಪಂಗೆ ಅರ್ಧ ಪಾಲಿನ ವಾರಕ್ಕೆ ಕೊಡಾಣ. ನೀನೊಬ್ಳೇ ಇಲ್ಲಿ ಏನ್ಮಾಡ್ತೀಯ?"

"ನಡಿ, ಓಗಾಣ," ಅಂದೆ.

ಇಷ್ಟು ಬೇಗ ಒಪ್ಪುತ್ತೇನೆಂದು ಅವನು ಅಂದುಕೊಂಡಿರಲಿಲ್ಲ. ಜ್ವರ ಏನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಪೆದ್ದಮ್ಮನಿಗೆ ಹೇಳಿ ಬರಲು ಹೋದೆ. ಮುದುಕಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆ, "ಗೊತ್ತು ಬಿಡು," ಅಂದಳು. "ಎಲ್ರಿಗಿಂತ ಮೊದ್ಲು ಮುನಿಯಪ್ಪಂಗೆ ಯೋಳಿದ್ಯಲ್ಲ. ಅವನೇ ಅಂದ, ಪೊನ್ನಮ್ಮ ಊರು ಬಿಟ್ಟು ಓಗ್ತಾಳೆ ಅಂತ."

"ನಾನು ಯಾವಾಗ ಯೋಳ್ದೆ?"

"ಕರೀದೆ ಓಗಿ ಅವನ ಒಲ ಕೊಯ್ದೆಯಲ್ಲ."

"ಕೊಯ್ದ್ರೆ?"

ಪೆದ್ದಮ್ಮ ಹುಣಸೆಹಣ್ಣು ಬಿಟ್ಟು ನನ್ನ ಮುಖ ನೋಡಿದಳು. "ಅಯ್ಯೋ ಪೆದ್ದೇ. ಇಲ್ಲಿ ಕರೀದೆ ಮುಯ್ಯಿ ತೀರ್ಸೋದು ಊರು ಬಿಟ್ಟು ಓಗೋರು. ಇನ್ನು ನಿಮ್ಮ ಋಣ ಸಾಕು, ತಿರುಗಿ ಬರಲ್ಲ ಅಂತ. ನಿಮ್ಮೂರ್ಕಡೆ ಅಂಗಲ್ವಾ?"

ನಾನು ಅಲ್ಲೇ ಕೂತುಬಿಟ್ಟೆ. ಬಿಳಿಚಿಹೋದ ಆ ಮುಖ, ಮುಗಿದ ಆ ಕೈ, ಬಾಕಿ ಏನಿಲ್ಲ ಎಂಬ ಮಾತು ಎಲ್ಲ ಒಂದೊಂದಾಗಿ ತಿಳಿಯಿತು. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು, ನಗುನಗುತ್ತಾ ಹೋಗಿ ಆ ಮನುಷ್ಯನಿಗೆ ನಾನು ನಿಮ್ಮನ್ನು ಬಿಟ್ಟು ಹೋಗುತ್ತೇನೆ ಎಂದು ಹೇಳಿ ಬಂದಿದ್ದೆ. ಬಿಟ್ಟು ಹೋದವರನ್ನು ನೋಡಿ ನೋಡಿ ಅಭ್ಯಾಸವಾಗಿದ್ದವರು, ಯಾಕೆ ಎಂದೂ ಕೇಳಿರಲಿಲ್ಲ.

"ಈಗ ಎಲ್ಲವ್ರೆ ಅವರು?"

"ಮೇಲ್ಹೊಲದಾಗೆ. ಗುಡ್ಡದ ಮಗ್ಗುಲ ರಾಗಿ ಈಗ ಬಲಿತೈತೆ. ಕಾಡಂದಿ ಕಾಯೋಕೆ ಅಟ್ಟಣೆ ಮ್ಯಾಲೇ ಇರ್ತಾನೆ. ಓಗಿ ಯೋಳಿ ಬಾ."

ಹೋಗಿ ಹೇಳಿದರೆ ಏನಾಗುತ್ತಿತ್ತೆಂದು ನನಗೆ ಗೊತ್ತಿತ್ತು. ನಿನಗೆ ಅಣ್ಣ ಇದ್ದಾನೆ, ದುಡಿಮೆ ಇದೆ, ನನ್ನ ಜೊತೆ ಏನು ಸುಖ, ರೈಲು ಹತ್ತು ಅನ್ನುತ್ತಿದ್ದರು. ಎಲ್ಲರಿಗೂ ಕೊಟ್ಟು ಕೊಟ್ಟು ತೆಗೆದುಕೊಳ್ಳುವುದನ್ನೇ ಮರೆತವರು. ಅವರನ್ನು ಕೇಳಬಾರದು. ಕೇಳದೆ ಮಾಡಬೇಕು.

"ನಿನ್ನ ದೊಡ್ಡ ಮಡಕೆ ಕೊಡು, ಪೆದ್ದಮ್ಮ," ಅಂದೆ.

ಹೊತ್ತು ಇಳಿಯುವ ಮೊದಲು ಮನೆ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, ಒಳಗಿನವರಿಗೂ ಕೇಳಿಸುವ ಹಾಗೆ ಹೇಳಿದೆ: "ನಾಳೆ ನಮ್ಮನೆ ಮುಯ್ಯಿ. ಮೇಲ್ಹೊಲಕ್ಕೆ ಬನ್ನಿ."

ಯಜಮಾನ ನಂಜಪ್ಪ ಹೊರಗೆ ಬಂದರು. "ನಮ್ಮನೆ ಅಂದ್ರೆ ಯಾವ್ಮನೆ?"

"ಮುನಿಯಪ್ಪನ ಮನೆ."

"ಅವನು ಕರೀಲಿಲ್ಲವಲ್ಲಮ್ಮ. ನೀನ್ಯಾರು ಕರಿಯೋಕೆ?"

"ನಾಳೆ ಮುದ್ದೆ ಇಕ್ಕೋಳು."

ನಂಜಪ್ಪ ನನ್ನನ್ನೇ ನೋಡಿದರು. "ಅವನಿಗೆ ಗೊತ್ತೇನು ಇದು?"

"ಇಲ್ಲ."

"ಬೇಡ ಅಂದ್ರೆ? ಊರ ಮುಂದೆ ನಿನ್ನ ಮರ್ವಾದೆ?"

"ಓಗ್ತದೆ," ಅಂದೆ. "ಅವರ ಮುಯ್ಯಿ ಬಾಕಿ ಇಲ್ಲದ ಮನೆ ಈ ಊರಲ್ಲಿ ಒಂದಿದ್ರೆ ಯೋಳಿ ಯಜಮಾನ್ರೇ, ಅದೊಂದನ್ನ ಬಿಟ್ಬಿಡ್ತೀನಿ."

ಅವರು ಒಳಗೆ ಹೋದರು. ಬರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಯಾವ ಮನೆಯಲ್ಲೂ ಆಗಲಿ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಅಣ್ಣ ಗಂಟು ಕಟ್ಟಿ ಇಟ್ಟಿದ್ದ. ನಾನು ಬರುವುದಿಲ್ಲ ಎಂದದ್ದಕ್ಕೆ ಬಾಯಿಗೆ ಬಂದಂತೆ ಬೈದ. ನಾಳೆ ಆ ಮನುಷ್ಯ ಬೇಡವೆಂದರೆ ನನಗೆ ಅಣ್ಣನ ಮನೆಯೂ ಇಲ್ಲ, ಏರ್ಕಾಡೂ ಇಲ್ಲ, ಈ ಊರಲ್ಲಿ ಮುಖವೂ ಇಲ್ಲ. ಅದೆಲ್ಲ ಗೊತ್ತಿದ್ದೇ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅವರ ಮನೆಯ ಬಾಗಿಲು ನೂಕಿದೆ. ಬೀಗ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಚಾಪೆ, ಒಂದು ಮಗ್, ಗೋಡೆಗೆ ನೇತುಹಾಕಿದ ಹಳೇ ಬೂಟು. ಒಲೆಯ ಮೂಲೆಯಲ್ಲಿ ಅವರ ಅವ್ವನ ಮುದ್ದೆ ಕೋಲು ಇತ್ತು, ಧೂಳು ಹಿಡಿದಿರಲಿಲ್ಲ. ದಿನಾ ಒರೆಸಿ ಇಡುತ್ತಿದ್ದರು ಅಂತ ಕಾಣುತ್ತದೆ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅತ್ತೆ. ಆಮೇಲೆ ಒಲೆ ಹಚ್ಚಿದೆ. ಪೆದ್ದಮ್ಮ ಅವರೆಕಾಳು ಬೇಯಿಸಿಕೊಟ್ಟಳು.

ಹೊತ್ತು ನೆತ್ತಿಗೆ ಬರುವಾಗ ಮಡಕೆ ತಲೆಯ ಮೇಲೆ ಹೊತ್ತು ಗುಡ್ಡದ ದಾರಿ ಹತ್ತಿದೆ. ತಿರುವಿನವರೆಗೆ ಹೊಲ ಕಾಣುವುದಿಲ್ಲ. ನೋಡಲು ಧೈರ್ಯ ಸಾಲದೆ ಕಾಲಿನ ಕಡೆಯೇ ನೋಡುತ್ತಾ ನಡೆದೆ. ಮೊದಲು ಕೇಳಿಸಿದ್ದು ಕುಡುಗೋಲುಗಳ ಸದ್ದು.

ಊರಿಗೆ ಊರೇ ಅಲ್ಲಿತ್ತು. ನಂಜಪ್ಪ ಯಜಮಾನರು ಪಂಚೆ ಎತ್ತಿಕಟ್ಟಿ ಮೊದಲ ಸಾಲಿನಲ್ಲಿದ್ದರು. ಅವರ ಹಿಂದೆ ಸಾಲು ಸಾಲಾಗಿ ಗಂಡಸರು, ಹೆಂಗಸರು. ಕೊನೆಯ ಸಾಲಿನಲ್ಲಿ ನಮ್ಮಣ್ಣ ಪುಟ್ಟಪ್ಪ. ನನ್ನನ್ನು ಕಂಡು ಮುಖ ಗಂಟು ಹಾಕಿಕೊಂಡ. "ನಂದೂ ಮುಯ್ಯಿ ಬಾಕಿ ಐತೆ. ರೈಲು ನಾಳೇನೂ ಐತೆ," ಅಂದ.

ಬೆಳಿಗ್ಗೆ ಮುನಿಯಪ್ಪನವರು ಅಟ್ಟಣೆಯಿಂದ ಇಳಿದು ಬಂದದ್ದು ಊರಿಗೆ ಬೆಂಕಿ ಬಿದ್ದಿದೆ ಎಂದುಕೊಂಡೇ ಅಂತೆ. ಏನೆಂದು ಕೇಳಿದರೆ ಯಾರೂ ಹೇಳಲಿಲ್ಲವಂತೆ. ಎಲ್ಲರೂ ನಿಮ್ಮ ಮನೆಯವಳು ಬಂದು ಹೇಳುತ್ತಾಳೆ ಎಂದು ನಗುತ್ತಿದ್ದರಂತೆ. ಹಾಗಾಗಿ ಬೆಳಗಿನಿಂದ ಗಾಬರಿಯಲ್ಲೇ ಕೊಯ್ಯುತ್ತಿದ್ದರು. ನನ್ನನ್ನು, ನನ್ನ ತಲೆಯ ಮೇಲಿನ ಮಡಕೆಯನ್ನು ನೋಡಿ ಕುಡುಗೋಲು ಹಿಡಿದ ಕೈ ಹಾಗೇ ನಿಂತಿತು.

ನಾನು ಅವರನ್ನು ನೋಡದೆ ಎಲ್ಲರಿಗೂ ಇಕ್ಕಿದೆ. ಮನೆಯ ಗಂಡಸಿಗೆ ಇಕ್ಕುವುದು ಕೊನೆಗೆ. ಅವರು ಬದುವಿನ ತುದಿಯಲ್ಲಿ ಆ ಅಲ್ಯುಮಿನಿಯಂ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತಟ್ಟೆ ಮುಂದಕ್ಕೆ ಚಾಚಲಿಲ್ಲ. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಕೆಳಗೆ ಮಾರಂಡಹಳ್ಳಿಯ ಕಡೆಯಿಂದ ಪುಟ್ಟ ರೈಲಿನ ಕೂಗು ಕೇಳಿಸಿತು.

"ರೈಲು ಓಯ್ತಲ್ಲ, ಪೊನ್ನಮ್ಮ," ಅಂದರು.

"ಓಗಲಿ."

"ನೀನು ಅವತ್ತು ಕರೀದೆ ಬಂದೆ. ಓಗ್ತಿದೀಯ ಅಂತ ನಾನು..."

"ನಮ್ಮೂರ್ಕಡೆ ಕರೀದೆ ಬಂದ್ರೆ ಏನರ್ಥ ಅಂತ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಏನರ್ಥ?"

ನಾನು ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ. ಅವರು ಸುಮ್ಮನೆ ನನ್ನನ್ನೇ ನೋಡಿದರು. ಆಮೇಲೆ ನೋಡುತ್ತೇನೆ, ಗಾಬರಿಯಲ್ಲಿ ಎಡಗಡೆ ನಿಂತಿದ್ದೇನೆ. ಕೇಳಿಸಿಯೇ ಇರಲಿಲ್ಲ.

ಬಲಗಡೆಗೆ ಬಂದು, ಇನ್ನು 'ಏನು' ಎಂದು ಕೇಳಬಾರದು ಎನ್ನುವಷ್ಟು ಗಟ್ಟಿಯಾಗಿ ಹೇಳಿದೆ: "ನಾನು ನಿಮ್ಮೋಳು ಅಂತ ಅರ್ಥ."

ಗುಡ್ಡದವರೆಗೂ ಕೇಳಿಸಿರಬೇಕು. ಪೆದ್ದಮ್ಮ ನಕ್ಕು ನಕ್ಕು ಕೆಮ್ಮಿದಳು. ಅವರು ನಗಲಿಲ್ಲ. ತಟ್ಟೆ ಎತ್ತಿ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದರು.

"ಇಕ್ಕು," ಅಂದರು. "ಅವ್ವ ಓದ್ಮೇಲೆ ಸುಗ್ಗೀಲಿ ನಂಗ್ಯಾರೂ ಇಕ್ಕಿಲ್ಲ."

ಮುದ್ದೆ ಇಕ್ಕಿದೆ. ಅವತ್ತು ಯಾರ ತಟ್ಟೆಯಲ್ಲೂ ಏನೂ ಉಳಿಯಲಿಲ್ಲ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನಂಜಪ್ಪ ಯಜಮಾನರ ಮುಂದೆ ಅವರು ನನಗೆ ಸೀರೆ ಉಡಿಸಿದರು. ಮೈ ಬಣ್ಣಕ್ಕೆ ಒಪ್ಪದ ಹಸಿರು ಸೀರೆ, ಧರ್ಮಪುರಿ ಸಂತೆಯಲ್ಲಿ ಒಬ್ಬರೇ ಹೋಗಿ ಆರಿಸಿದ್ದು. ಅದನ್ನು ಕಂಡು ನಾನು ಏನೂ ಅನ್ನಲಿಲ್ಲ ಎಂದರೆ ನಾನು ಎಷ್ಟು ಖುಷಿಯಾಗಿದ್ದೆ ಎಂದು ತಿಳಿದುಕೊಳ್ಳಿ.

ನಮಗೆ ಮಕ್ಕಳಾಗಲಿಲ್ಲ. ಇನ್ನೊಂದು ಯುದ್ಧ ಬಂದಾಗ ಸರ್ಕಾರದವರು ನಮ್ಮ ಪುಟ್ಟ ರೈಲಿನ ಕಂಬಿಗಳನ್ನೇ ಕಿತ್ತುಕೊಂಡು ಹೋದರು. ಬಾವಿಗೆ ಔಷಧಿ ಹಾಕುವುದು, ಗಾಡಿ ಕಟ್ಟುವುದು, ಚಟ್ಟಕ್ಕೆ ಹೆಗಲು ಕೊಡುವುದು ಏನೂ ನಿಲ್ಲಲಿಲ್ಲ. ಮುದುಕರಾದ ಮೇಲೆ ಸ್ಕೂಲಿನವರು ಅವರನ್ನು ಕರೆದು ಬಾವುಟ ಹಾರಿಸಿದರು, ತಮಿಳಲ್ಲಿ ಭಾಷಣ ಮಾಡಿದರು, ಮಾಲೆ ಹಾಕಿದರು. ಇವರು ಆ ಮಾಲೆಯನ್ನು ತಂದು ನಮ್ಮ ಎಮ್ಮೆಗೆ ಹಾಕಿದರು. ಕೂದಲೆಲ್ಲ ಬೆಳ್ಳಗಾಗಿ, ಬಲಗಿವಿಯೂ ಮಂದವಾಗುವವರೆಗೂ ಬದುಕಿದರು.

ಒಂದು ಆಟ ಮಾತ್ರ ನಾವು ಕೊನೆಯವರೆಗೂ ಬಿಡಲಿಲ್ಲ. ನನ್ನ ತಾಯಿಯ ತುಂಡು ಹೊಲ ನನ್ನದು, ಎರಡು ಹೊಲ ಅವರದು. ಅವರ ಹೊಲದ ಕೆಲಸದ ಹಿಂದಿನ ಸಂಜೆ ಅವರು ಹೊಸ್ತಿಲ ಹೊರಗೆ ನಿಂತು, "ನಾಳೆ ನಮ್ಮನೆ ಮುಯ್ಯಿ, ಬರ್ತೀಯಾ ಪೊನ್ನಮ್ಮ?" ಎಂದು ಕರೆಯುತ್ತಿದ್ದರು. ನಾನು ಆಕಾಶ ನೋಡಿ, ಕಾಯಿಸಿ, ಆಮೇಲೆ ಹೂಂ ಅನ್ನುತ್ತಿದ್ದೆ. ನನ್ನ ಹೊಲಕ್ಕೆ ನಾನು ಹಾಗೇ ಕರೆಯುತ್ತಿದ್ದೆ. ಒಂದೇ ಒಲೆ, ಒಂದೇ ಚಾಪೆ, ಆದರೂ ಕರೆಯದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ಅವರು ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ನನ್ನ ತುಂಡು ಹೊಲದಲ್ಲಿ ಮೊಣಕಾಲೂರಿ ಕಳೆ ಕೀಳುತ್ತಿದ್ದರು. ಮೈಯಲ್ಲಿ ಶಕ್ತಿ ಇರಲಿಲ್ಲ, ಒಂದು ಸಾಲೂ ಆಗಿರಲಿಲ್ಲ.

"ನಾನು ಕರೀಲಿಲ್ಲವಲ್ಲ," ಅಂದೆ, ಬಲಗಡೆ ಬಂದು.

"ಗೊತ್ತು," ಅಂದರು.

ನಾನು ಅವರ ಕೈ ಹಿಡಿದು ಎಬ್ಬಿಸಿದೆ. ಕಿತ್ತ ಕಳೆಯನ್ನು ಅವರ ಬೆರಳಿಂದ ಬಿಡಿಸಿದೆ. ಕರೆಯದೆ ಬಂದರೆ ಈ ಊರಲ್ಲಿ ಏನರ್ಥ ಎಂದು ಈಗ ನನಗೂ ಗೊತ್ತಿತ್ತು. ಮನೆಗೆ ಕರೆತಂದು ಮಲಗಿಸಿದೆ. ಸಂಜೆ ಎದ್ದು ಹೊರಗೆ ಹೋಗಿ, ಹೊಸ್ತಿಲ ಆಚೆ ನಿಂತು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆದೆ.

"ನಾಳೆ ನಮ್ಮನೆ ಮುಯ್ಯಿ. ಬರ್ತೀರಾ?"

ಅವರು ಸೂರು ನೋಡಿದರು, ನಾನು ಆಕಾಶ ನೋಡುತ್ತಿದ್ದ ಹಾಗೆ. ಕಾಯಿಸಿದರು. ಆಮೇಲೆ ನಕ್ಕು ಹೂಂ ಅಂದರು.

ಬೆಳಗಾಗುವಾಗ ಅವರ ಉಸಿರು ಇರಲಿಲ್ಲ. ಒಪ್ಪಿಕೊಂಡ ಆ ಮುಯ್ಯಿ ಬಾಕಿ ಉಳಿಯಿತು. ಈಗಲೂ ಉಳಿದಿದೆ, ನಾನು ಅದನ್ನು ಬಿಟ್ಟುಕೊಟ್ಟಿಲ್ಲ.